ಗಣಿತ ಓದಿದವರು ಮಳೆ, ನೀರು, ಬಿಸಿಲಿನ ಸಂಶೋಧನೆಗೆ ಇಳಿಯುವ ದಾರಿ

ಡಿಗ್ರಿ ರಿಸಲ್ಟ್ ಬಂದ ವಾರದಲ್ಲಿ ನನ್ನ ಕೋಣೆಗೆ ಒಬ್ಬಿಬ್ಬರಾದರೂ ಬರುತ್ತಾರೆ. ಕೇಳುವುದು ಹೆಚ್ಚುಕಡಿಮೆ ಒಂದೇ: "ಸಾರ್, ಮ್ಯಾಥ್ಸ್ ಇಷ್ಟ. ಬ್ಯಾಂಕು, ಐಟಿ ಬೇಡ ಅನ್ಸುತ್ತೆ. ಹವಾಮಾನ, ನೀರು, ಕಾಡು ಅಂತ ಏನಾದ್ರೂ ಮಾಡ್ಬೇಕು. ಯಾವ ಕೋರ್ಸ್ ಸೇರ್ಲಿ?" ಕೋರ್ಸಿನ ಹೆಸರು ಹೇಳಿ ಕಳಿಸುವುದು ಸುಲಭ. ಆದರೆ ನಾನು ತಿರುಗಿ ಕೇಳುವುದು ಬೇರೆ: "ನಿಮ್ಮೂರಲ್ಲಿ ಬೋರ್‌ವೆಲ್ ಎಷ್ಟು ಅಡಿಗೆ ಹೋಗಿದೆ?" ಗೊತ್ತಿದ್ದರೆ ಮಾತು ಮುಂದುವರಿಯುತ್ತದೆ. ಗೊತ್ತಿಲ್ಲದಿದ್ದರೆ ಮನೆಗೆ ಫೋನ್ ಮಾಡಿ ಕೇಳಿಕೊಂಡು ನಾಳೆ ಬನ್ನಿ ಎನ್ನುತ್ತೇನೆ. ಕೆಲವರು ಬರುವುದಿಲ್ಲ. ಬಂದವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಪ್ರಶ್ನೆ, ಆಮೇಲೆ ಕೋರ್ಸು

ಸುಸ್ಥಿರತೆ ಎನ್ನುವುದು ದೊಡ್ಡ ಚೀಲ. ಕೃಷಿ, ವಿದ್ಯುತ್ತು, ಅಂತರ್ಜಲ, ನಗರದ ಕಸ, ಉಸಿರಾಡುವ ಗಾಳಿ ಎಲ್ಲವನ್ನೂ ಅದರೊಳಗೆ ತುರುಕಬಹುದು. ಆ ಚೀಲ ಹೊತ್ತು ಪಿಎಚ್‌ಡಿ ಸಂದರ್ಶನಕ್ಕೆ ಹೋದರೆ ಐದು ನಿಮಿಷದಲ್ಲಿ ಗಂಟು ಬಿಚ್ಚಿ ಎಲ್ಲ ಚೆಲ್ಲಿಹೋಗುತ್ತದೆ. "ಹವಾಮಾನ ಬದಲಾವಣೆಯಲ್ಲಿ ಆಸಕ್ತಿ" ಎಂದವರು "ಅದರಲ್ಲಿ ಯಾವುದು?" ಎಂಬ ಎರಡನೇ ಪ್ರಶ್ನೆಗೇ ಬಾಯಿ ಕಟ್ಟಿ ಕೂತದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಹಾಗಾಗಿ ಮೊದಲ ಹೆಜ್ಜೆ: ಒಂದು ತಾಲ್ಲೂಕು, ಅದರಲ್ಲೊಂದು ಸಂಗತಿ, ಆ ಸಂಗತಿಯ ಬಗ್ಗೆ ಒಂದೇ ಒಂದು ಪ್ರಶ್ನೆ.

ತುಮಕೂರು ಜಿಲ್ಲೆಯ ಪಾವಗಡವನ್ನೇ ತೆಗೆದುಕೊಳ್ಳಿ. ಹವಾಮಾನ ವಿಜ್ಞಾನಿ ಸುಲೋಚನಾ ಗಾಡ್ಗೀಳ್ ಹಾರ್ವರ್ಡ್‌ನಲ್ಲಿ ಅನ್ವಯಿಕ ಗಣಿತ ಓದಿ, ಸಾಗರ ಪ್ರವಾಹಗಳ ಸಮೀಕರಣದ ಮೇಲೆ ಕೆಲಸ ಮಾಡಿ ಬಂದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದ ಮೇಲೆ ಮುಂಗಾರಿನ ಬೆನ್ನು ಹತ್ತಿದರು. 1980ರಲ್ಲಿ ಹವಾಮಾನ ತಜ್ಞ ಸಿಕ್ಕಾ ಅವರ ಜೊತೆ ಉಪಗ್ರಹ ಚಿತ್ರಗಳನ್ನಿಟ್ಟುಕೊಂಡು ಮುಂಗಾರಿನ ಮೋಡಪಟ್ಟಿ ಹೇಗೆ ಸಾಗುತ್ತದೆ ಎಂದು ತೋರಿಸಿದ ಅವರ ಲೇಖನ ಇವತ್ತಿಗೂ ಈ ಕ್ಷೇತ್ರದವರು ಓದಲೇಬೇಕಾದದ್ದು. ಅದಾದ ಮೇಲೆ ಅವರೂ ಸಂಗಡಿಗರೂ ಅನಂತಪುರ, ಪಾವಗಡದ ಒಣಭೂಮಿಗೆ ಬಂದು ಹಿಡಿದ ಪ್ರಶ್ನೆ ರೈತ ದಿನಾ ಕೇಳಿಕೊಳ್ಳುವಂಥದ್ದು: ಮಳೆ ನಂಬಿದ ಕಡಲೆಕಾಯಿಯನ್ನು ಯಾವಾಗ ಬಿತ್ತಬೇಕು?

ಈ ಪ್ರಶ್ನೆಯೊಳಗಿನ ಗಣಿತ ನೋಡಿ. ಹಲವು ದಶಕಗಳ ದಿನದಿನದ ಮಳೆ ಲೆಕ್ಕವನ್ನು ಒಂದು ಬೆಳೆ ಮಾದರಿಗೆ ಉಣಿಸಬೇಕು. ಮಾದರಿ ಎಂದರೆ ಮಣ್ಣಿನಲ್ಲಿ ಇವತ್ತು ಎಷ್ಟು ನೀರು ಉಳಿಯಿತು, ಗಿಡ ಎಷ್ಟು ಕುಡಿಯಿತು, ಆವಿಯಾಗಿದ್ದೆಷ್ಟು ಎಂಬ ಜಮಾಖರ್ಚು. ಬಿತ್ತನೆಯ ದಿನವನ್ನು ಹಿಂದೆಮುಂದೆ ಸರಿಸುತ್ತ ಪ್ರತಿ ವರ್ಷಕ್ಕೂ ಇಳುವರಿ ಲೆಕ್ಕ ಹಾಕಿದರೆ, ಕಾಯಿಕಟ್ಟುವ ವಾರಗಳಲ್ಲಿ ಭೂಮಿ ಒಣಗಿರುವ ಸಂಭವ ಯಾವ ಬಿತ್ತನೆಗೆ ಕಡಿಮೆ ಎಂದು ತಿಳಿಯುತ್ತದೆ. ಸಂಭವನೀಯತೆ, ವ್ಯತ್ಯಾಸ ಸಮೀಕರಣ, ಸಿಮ್ಯುಲೇಶನ್ ಮೂರೂ ಅಲ್ಲಿವೆ, ಮೂರೂ ಎರಡನೇ ವರ್ಷದ ಬಿಎಸ್ಸಿ ವಿದ್ಯಾರ್ಥಿಗೆ ಎಟುಕುವ ಎತ್ತರದಲ್ಲೇ ಇವೆ.

ಅದೇ ಪಾವಗಡದಲ್ಲಿ ಈಗ ತಿರುಮಣಿ, ವಳ್ಳೂರು, ಬಾಲಸಮುದ್ರ ಸೇರಿದಂತೆ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಭೂಮಿಯನ್ನು ಕೊಂಡಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದಿದ್ದಾರೆ. ಇಲ್ಲಿಂದ ಹುಟ್ಟುವ ಪ್ರಶ್ನೆಗಳೇ ಬೇರೆ. ಮೋಡ ಅಡ್ಡ ಬಂದಾಗ ಹತ್ತು ನಿಮಿಷದಲ್ಲಿ ವಿದ್ಯುತ್ತು ಎಷ್ಟು ಕುಸಿಯುತ್ತದೆ? ಸಂಜೆ ಸೂರ್ಯ ಇಳಿದು ಮನೆಗಳಲ್ಲಿ ದೀಪ ಹತ್ತುವ ಹೊತ್ತಿಗೆ ಶರಾವತಿಯ ನೀರನ್ನು ಎಷ್ಟು ಬಿಡಬೇಕು? ಭೂಮಿ ಕೊಟ್ಟ ಮನೆಗೂ ಹೊಲವಿಲ್ಲದ ಕೂಲಿಯವರಿಗೂ ಆದದ್ದೇನು? ಒಂದು ತಾಲ್ಲೂಕಿನ ನೆಲದಲ್ಲೇ ಕಾಲಶ್ರೇಣಿ (ಹೊತ್ತುಹೊತ್ತಿಗೆ ಅಳೆದ ಸಂಖ್ಯೆಗಳ ಸಾಲು), ಆಪ್ಟಿಮೈಸೇಶನ್ (ಇರುವ ಆಯ್ಕೆಗಳಲ್ಲಿ ಅತಿ ಒಳ್ಳೆಯದನ್ನು ಹುಡುಕುವ ಗಣಿತ), ಸಮೀಕ್ಷೆಯ ಸಂಖ್ಯಾಶಾಸ್ತ್ರ ಸಿಕ್ಕಿತಲ್ಲ.

ಹತ್ತು ಸಾಲಿನಲ್ಲಿ ನಿಮ್ಮ ಪ್ರಶ್ನೆ ಬರೆದಿಡಿ. ಅದರಲ್ಲಿ ಒಂದು ಜಾಗದ ಹೆಸರು, ಅಳೆಯಬಹುದಾದ ಒಂದು ಪ್ರಮಾಣ, ಉತ್ತರ ಸಿಕ್ಕರೆ ಯಾರು ಏನನ್ನು ಬದಲಿಸಬಹುದು ಎಂಬ ಒಂದು ಮಾತು ಇರಲಿ. "ಡೀಪ್ ಲರ್ನಿಂಗ್ ಬಳಸಿ" ಎಂದು ಶುರುವಾಗಿದ್ದರೆ ಹರಿದು ಹಾಕಿ ಮತ್ತೆ ಬರೆಯಿರಿ.

ಯಾವ ಗಣಿತ ಗಟ್ಟಿಯಾಗಬೇಕು

ಎಲ್ಲವೂ ಬೇಕು ಎನ್ನುವ ಪಟ್ಟಿಗಳಿಂದ ಉಪಯೋಗವಿಲ್ಲ. ನನ್ನ ಅನುಭವದಲ್ಲಿ ರೇಖೀಯ ಬೀಜಗಣಿತ ಮತ್ತು ಸಂಭವನೀಯತೆ ಎರಡನ್ನು ರಕ್ತಗತ ಮಾಡಿಕೊಂಡವರು ಉಳಿದದ್ದನ್ನು ದಾರಿಯಲ್ಲಿ ಕಲಿಯುತ್ತಾರೆ. 50 ವರ್ಷದ ಮಳೆ ನಕ್ಷೆಗಳನ್ನು ಒಂದು ಮ್ಯಾಟ್ರಿಕ್ಸ್‌ನಲ್ಲಿ ಜೋಡಿಸಿ ಸಿಂಗ್ಯುಲರ್ ವ್ಯಾಲ್ಯೂಗಳಾಗಿ ಒಡೆದರೆ ಮುಂಗಾರಿನ ಮುಖ್ಯ ವಿನ್ಯಾಸಗಳು ಮೇಲೆ ತೇಲುತ್ತವೆ; ಹವಾಮಾನದವರು ಅದಕ್ಕೆ ಬೇರೆ ಹೆಸರಿಟ್ಟಿದ್ದಾರೆ, ಅಷ್ಟೆ.

ಸಂಭವನೀಯತೆ ತಪ್ಪಾದರೆ ಆಗುವ ಅನಾಹುತಕ್ಕೆ ಒಂದು ಉದಾಹರಣೆ. "100 ವರ್ಷಕ್ಕೊಮ್ಮೆ ಬರುವ ಮಳೆ" ಎಂದಾಗ ಜನ, ಕೆಲವೊಮ್ಮೆ ಎಂಜಿನಿಯರುಗಳೂ, ಈ ಸಲ ಬಂತು ಇನ್ನು 99 ವರ್ಷ ನಿಶ್ಚಿಂತೆ ಎಂದುಕೊಳ್ಳುತ್ತಾರೆ. ಅದರ ಅರ್ಥ ಯಾವುದೇ ವರ್ಷ ಅಂಥ ಮಳೆ ಬರುವ ಸಂಭವ ಶೇ 1 ಎಂದು. 30 ವರ್ಷದ ಗೃಹಸಾಲ ತೀರುವಷ್ಟರಲ್ಲಿ ಒಮ್ಮೆಯಾದರೂ ಬರುವ ಸಂಭವ? 0.99 ಅನ್ನು 30 ಸಲ ಗುಣಿಸಿ 1ರಿಂದ ಕಳೆಯಿರಿ: ಸುಮಾರು ಶೇ 26. ರಾಜಕಾಲುವೆಯ ಪಕ್ಕ ಸೈಟು ಕೊಳ್ಳುವವರಿಗೆ ಈ ಒಂದು ಗುಣಾಕಾರ ಗೊತ್ತಿರಬೇಕಿತ್ತು. ಹವಾಮಾನವೇ ಬದಲಾಗುತ್ತಿರುವಾಗ ಆ ಶೇ 1 ಕೂಡ ನಿಂತಲ್ಲಿ ನಿಲ್ಲುವುದಿಲ್ಲ. ಬಾಲದ ತುದಿಯ, ಅಂದರೆ ತೀರಾ ಅಪರೂಪದ ಘಟನೆಗಳ ಸಂಖ್ಯಾಶಾಸ್ತ್ರ ಈಗ ಬಿಸಿಯಾಗಿರುವುದು ಅದಕ್ಕೇ.

ಆಪ್ಟಿಮೈಸೇಶನ್ ಬಗ್ಗೆ ಒಂದು ಎಚ್ಚರಿಕೆ. ಕೆಆರ್‌ಎಸ್‌ನಲ್ಲಿ ನೀರು 124.80 ಅಡಿ ಮುಟ್ಟಿತೇ ಎಂದು ಮಂಡ್ಯದವರು ಪೇಪರಿನಲ್ಲಿ ನೋಡುತ್ತಾರೆ. ಇವತ್ತು ಎಷ್ಟು ಬಿಡಬೇಕು, ನಾಳೆಗೆ ಎಷ್ಟು ಉಳಿಸಬೇಕು ಎಂಬುದು ಡೈನಾಮಿಕ್ ಪ್ರೋಗ್ರಾಮಿಂಗ್ (ಹಂತಹಂತವಾಗಿ ನಿರ್ಧಾರ ಎಣಿಸುವ ವಿಧಾನ) ಪಠ್ಯಪುಸ್ತಕದ ಲೆಕ್ಕ. ಅದನ್ನು ಬಿಡಿಸುವುದು ಕಷ್ಟವಲ್ಲ. ಯಾವುದನ್ನು ಕನಿಷ್ಠ ಮಾಡಬೇಕು ಎಂದು ಬರೆಯುವ ಮೊದಲ ಸಾಲು ಕಷ್ಟ. ಶರಾವತಿ ಕಣಿವೆಯಲ್ಲಿ ಉದ್ದೇಶಿಸಿರುವ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು (ನೀರನ್ನು ಮೇಲೆತ್ತಿಟ್ಟು ಬೇಕಾದಾಗ ಇಳಿಸಿ ವಿದ್ಯುತ್ ತೆಗೆಯುವುದು) ಬರೀ ವಿದ್ಯುತ್ ದರದ ಲೆಕ್ಕಕ್ಕೆ ಹಾಕಿದರೆ ಉತ್ತರ ಒಂದು ಬರುತ್ತದೆ. ಅದು ಸಿಂಗಳೀಕಗಳ ಅಭಯಾರಣ್ಯದೊಳಗೆ ಬರುತ್ತದೆ ಎಂಬುದನ್ನು ಸಮೀಕರಣದಲ್ಲಿ ಎಲ್ಲಿ ಬರೆಯುತ್ತೀರಿ? ಬರೆಯದೇ ಬಿಟ್ಟರೆ ಅದರ ಬೆಲೆ ಸೊನ್ನೆ ಎಂದು ಬರೆದಂತೆಯೇ. ಈ ಕ್ಷೇತ್ರದಲ್ಲಿ ಗಣಿತಜ್ಞ ತಟಸ್ಥ ಎಂಬ ಮಾತನ್ನು ನಾನು ನಂಬುವುದಿಲ್ಲ.

ಕಂಪ್ಯೂಟರ್ ಭಾಷೆ ಪೈಥಾನ್ ಆದರೂ ಸರಿ, ಆರ್ ಆದರೂ ಸರಿ. ಜೊತೆಗೆ ನಿಮ್ಮ ಸಂಗತಿಯ ಒಂದು ಪಠ್ಯವಿಷಯವನ್ನು ಬೇರಿನಿಂದ ಓದಿ. ಅಂತರ್ಜಲ ಎಂದರೆ ಮಣ್ಣಿನೊಳಗೆ ನೀರು ಹರಿಯುವ ಬಗೆ ಹೇಳುವ 1856ರ ಡಾರ್ಸಿ ನಿಯಮದಿಂದ ಶುರುಮಾಡಿ, ಅದು ಹೇಗೆ ಶಾಖ ಹರಡುವ ಸಮೀಕರಣದ ಅಣ್ಣತಮ್ಮ ಎಂದು ಕಾಣುವ ತನಕ.

ಒಂದು ತಿಂಗಳ ಸಣ್ಣ ಕೆಲಸ

ಅರ್ಜಿ ಹಾಕುವ ಮೊದಲೇ ನಿಮ್ಮ ಹೆಸರಿನಲ್ಲಿ ಒಂದು ಪುಟ್ಟ ಕೆಲಸ ಇರಬೇಕು. ನಾನು ಹೊಸಬರಿಗೆ ಕೊಡುವ ಲೆಕ್ಕ ಇದು.

ಭಾರತ ಹವಾಮಾನ ಇಲಾಖೆ ಇಡೀ ದೇಶದ ದಿನವಹಿ ಮಳೆಯನ್ನು 0.25 ಡಿಗ್ರಿ ಚೌಕಗಳಾಗಿ ಮಾಡಿ 1901ರಿಂದ ಉಚಿತವಾಗಿ ಕೊಡುತ್ತದೆ. ವರ್ಷಕ್ಕೊಂದು ಫೈಲು. ದಿನವೊಂದಕ್ಕೆ ಉತ್ತರ-ದಕ್ಷಿಣ 129, ಪೂರ್ವ-ಪಶ್ಚಿಮ 135 ಸಂಖ್ಯೆ, ಅಂದರೆ 17,415. ಒಂದಕ್ಕೆ 4 ಬೈಟ್‌ನಂತೆ 365 ದಿನಕ್ಕೆ 25 ಎಂಬಿ ಚಿಲ್ಲರೆ. ಹಳೇ ಲ್ಯಾಪ್‌ಟಾಪೂ ಸಾಕು. ಅಕ್ಷಾಂಶ 6.5ರಿಂದ, ರೇಖಾಂಶ 66.5ರಿಂದ ಎಣಿಕೆ ಶುರು. ಪಾವಗಡಕ್ಕೆ ಹತ್ತಿರದ ಬಿಂದು 14.0 ಉತ್ತರ, 77.25 ಪೂರ್ವ. 14.0ರಲ್ಲಿ 6.5 ಕಳೆದು 0.25ರಿಂದ ಭಾಗಿಸಿದರೆ 30, 77.25ರಲ್ಲಿ 66.5 ಕಳೆದು ಭಾಗಿಸಿದರೆ 43. ಸೊನ್ನೆಯಿಂದ ಎಣಿಸಿದಾಗ 30ನೇ ಸಾಲು, 43ನೇ ಕಂಬ. ಅಲ್ಲಿ ಸಿಗುವ ಸಂಖ್ಯೆಯೇ ಆ ದಿನದ ಮಳೆ, ಮಿಲಿಮೀಟರಿನಲ್ಲಿ. ಇದಕ್ಕೆಂದೇ ಐಎಮ್‌ಡಿಲಿಬ್ ಎಂಬ ಪೈಥಾನ್ ಲೈಬ್ರರಿ ಇದೆ; ಆದರೂ ಮೊದಲ ಸಲ ಕೈಯಾರೆ ಎಣಿಸಿ. ಮಾಹಿತಿ ಇಲ್ಲದ ಕಡೆ -999 ಎಂದಿರುತ್ತದೆ. ಅದನ್ನು ತೆಗೆಯದೆ ಸರಾಸರಿ ಹಾಕಿ ಕರಾವಳಿಯಲ್ಲಿ ಋಣಾತ್ಮಕ ಮಳೆ ಸುರಿಸಿದವರಲ್ಲಿ ನಾನೂ ಒಬ್ಬ.

ಈಗ ಆ ಮಳೆಯನ್ನು ತಿಂಗಳ ಲೆಕ್ಕದಲ್ಲಲ್ಲ, ಮಳೆ ನಕ್ಷತ್ರದ ಲೆಕ್ಕದಲ್ಲಿ ಕೂಡಿಸಿ. ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ... 27 ನಕ್ಷತ್ರ, ಒಂದೊಂದಕ್ಕೆ 13–14 ದಿನ. ನಿಮ್ಮ ಅಜ್ಜ ಬಿತ್ತನೆ ನಿರ್ಧರಿಸುತ್ತಿದ್ದದ್ದು ಈ ಪೆಟ್ಟಿಗೆಗಳಲ್ಲೇ. 120 ವರ್ಷಗಳಲ್ಲಿ ಯಾವ ಮಳೆ ಎಷ್ಟು ನಂಬಿಕಸ್ಥ, ಯಾವುದು ಕೈಕೊಡುವಂಥದ್ದು, 1960ಕ್ಕೆ ಮೊದಲೂ ಆಮೇಲೂ ಅದು ಬದಲಾಗಿದೆಯೇ? ಇದರೊಳಗೊಂದು ಚಂದದ ಮುಳ್ಳಿದೆ: ನಕ್ಷತ್ರ ವರ್ಷವು ಋತು ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. 70 ವರ್ಷಕ್ಕೆ ಒಂದು ದಿನದಂತೆ ಆರಿದ್ರಾ ನಮ್ಮ ಕ್ಯಾಲೆಂಡರಿನಲ್ಲಿ ಮುಂದಕ್ಕೆ ಜಾರುತ್ತದೆ. ನಿಮ್ಮ ಫಲಿತಾಂಶದ ಎಷ್ಟು ಪಾಲು ಮುಂಗಾರಿನ ಬದಲಾವಣೆ, ಎಷ್ಟು ಪೆಟ್ಟಿಗೆಯ ಜಾರುವಿಕೆ ಎಂದು ಬೇರ್ಪಡಿಸಿ ತೋರಿಸಿದರೆ ಸಂದರ್ಶನದಲ್ಲಿ ಕೂತವರು ಕುರ್ಚಿಯಲ್ಲಿ ಮುಂದಕ್ಕೆ ಬಾಗುತ್ತಾರೆ.

ನಾಲ್ಕು ಪುಟದ ವರದಿ ಬರೆಯಿರಿ. ಕೋಡ್ ಮತ್ತು ಚಿತ್ರಗಳನ್ನು ಬೇರೆಯವರು ಓಡಿಸಿ ನೋಡುವಂತೆ ಗಿಟ್‌ಹಬ್ ಎಂಬ ಜಾಲತಾಣದಲ್ಲಿ ಇಡಿ.

ಸಂಖ್ಯೆ ಹುಟ್ಟುವ ಜಾಗಕ್ಕೆ ಹೋಗಿ ಬನ್ನಿ

ಈ ಹೆಜ್ಜೆ ಯಾವ ಸಿಲಬಸ್ಸಿನಲ್ಲೂ ಇಲ್ಲ. ನನಗೆ ಕಲಿಸಿದ್ದು ಒಂದು ಅವಮಾನ.

ಪಿಎಚ್‌ಡಿಯ ಎರಡನೇ ವರ್ಷ. ಒಂದು ತಾಲ್ಲೂಕು ಕಚೇರಿಯ ಹಳೆಯ ಮಳೆ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸಿ ವಿಶ್ಲೇಷಣೆ ಮಾಡುತ್ತಿದ್ದೆ. ಏಳು ದಿನದ ಒಂದು ಸ್ಪಷ್ಟ ಆವರ್ತನ ಎದ್ದು ಕಂಡಿತು. ಪ್ರಕೃತಿಯಲ್ಲಿ ವಾರ ಎಂಬುದಿಲ್ಲ. ಆದರೂ ನಗರಗಳ ಹೊಗೆ ವಾರಾಂತ್ಯದಲ್ಲಿ ತಗ್ಗಿ ಮಳೆಯ ಮೇಲೆ ಪರಿಣಾಮ ಬೀರಬಹುದು ಎಂಬ ಚರ್ಚೆ ಓದಿದ್ದೆನಲ್ಲ, ಖುಷಿಯಿಂದ ಎರಡು ವಾರ ಕೂತು ಯಾವ ಆವರ್ತನ ಎಷ್ಟು ಬಲವಾಗಿದೆ ಎಂದು ತೋರಿಸುವ ಸ್ಪೆಕ್ಟ್ರಮ್ ಚಿತ್ರ ಬರೆದೆ, ವಿಭಾಗದ ಸೆಮಿನಾರಿನಲ್ಲಿ ತೋರಿಸಿಯೂಬಿಟ್ಟೆ. ಹಿಂದಿನ ಸಾಲಿನ ಹಿರಿಯರೊಬ್ಬರು, "ಒಮ್ಮೆ ಅಲ್ಲಿಗೆ ಹೋಗಿಬನ್ನಿ" ಎಂದಷ್ಟೇ ಹೇಳಿದರು.

ಹೋದೆ. ಕಾಂಪೌಂಡಿನ ಮೂಲೆಯಲ್ಲಿ ಬೇಲಿಯೊಳಗೆ ಮಳೆಮಾಪಕ, ಪಕ್ಕದಲ್ಲೇ ಒಂದು ಹೊಂಗೆ ಮರ. ಅಳೆಯುತ್ತಿದ್ದ ನಿವೃತ್ತ ನೌಕರರು ಪಕ್ಕದ ಬೀದಿಯಲ್ಲೇ ಇದ್ದರು. ನನ್ನ ಚಿತ್ರ ನೋಡಿ ನಕ್ಕರು. "ಭಾನುವಾರ ಗೇಟಿಗೆ ಬೀಗ ಅಲ್ವಾ ಸಾರ್. ಸೋಮವಾರ ಬಂದು ಎರಡು ದಿನದ್ದೂ ಸೇರಿಸಿ ಅಳೀತಿದ್ದೆ. ಭಾನುವಾರಕ್ಕೆ ಸೊನ್ನೆ ಹಾಕ್ತಿದ್ವಿ, ಖಾಲಿ ಬಿಟ್ರೆ ಮೇಲಿನೋರು ಬೈತಾರೆ." ನಾನು ಎರಡು ವಾರ ಅಧ್ಯಯನ ಮಾಡಿದ್ದು ಮುಂಗಾರನ್ನಲ್ಲ, ಒಂದು ಬೀಗವನ್ನು.

"ಆ ಮರ ಆಗ ಇಷ್ಟುದ್ದ ಇತ್ತಾ?" ಎಂದೂ ಕೇಳಿದೆ. "ಇಲ್ಲ, ನಾವೇ ನೆಟ್ಟಿದ್ದು." ಮರ ಬೆಳೆದಂತೆ ಗಾಳಿಗೆ ಓರೆಯಾಗಿ ಬೀಳುವ ಮಳೆ ತಪ್ಪಿ, ರಿಜಿಸ್ಟರಿನಲ್ಲಿ ಮಳೆ ಕ್ರಮೇಣ ಕಡಿಮೆಯಾಗುತ್ತ ಹೋಗಬಹುದು. ಕಂಪ್ಯೂಟರಿನಲ್ಲಿ ಅದು ಹವಾಮಾನ ಬದಲಾವಣೆಯಂತೆಯೇ ಕಾಣುತ್ತದೆ.

ಇಂಥದ್ದು ಎಲ್ಲ ದತ್ತಾಂಶದಲ್ಲೂ ಅಡಗಿದೆ. ನಮ್ಮಲ್ಲಿ ದಿನದ ಮಳೆ ಎಂದರೆ ಬೆಳಗ್ಗೆ 8.30ರಿಂದ ಮರುದಿನ 8.30ರವರೆಗಿನದು, ಅಳೆದ ದಿನಾಂಕದಲ್ಲಿ ನಮೂದು. ಉಪಗ್ರಹದ ದಿನ ಗ್ರೀನ್‌ವಿಚ್ ಗಡಿಯಾರದ್ದು, ನಮ್ಮ ಬೆಳಗಿನ 5.30ಕ್ಕೆ ಶುರು. ಎರಡನ್ನೂ ಹಾಗೇ ಪಕ್ಕಪಕ್ಕ ಇಟ್ಟು "ಉಪಗ್ರಹ ತಪ್ಪು" ಎಂದು ತೀರ್ಪು ಕೊಟ್ಟ ಪ್ರಬಂಧಗಳನ್ನು ಪರಿಶೀಲನೆಗೆ ಬಂದಾಗ ನೋಡಿದ್ದೇನೆ. ಕರ್ನಾಟಕದ ಮಟ್ಟಿಗೆ ನಾವು ಅದೃಷ್ಟವಂತರು. 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲಿ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕ ಇಟ್ಟಿದೆ. ಬೀಗದ ಸಮಸ್ಯೆ ಅಲ್ಲಿಲ್ಲ. ಜೇಡ, ಎಲೆ, ಬ್ಯಾಟರಿಯ ಸಮಸ್ಯೆ ಯಾವ ಯಂತ್ರಕ್ಕೂ ತಪ್ಪಿದ್ದಲ್ಲ.

ಮೆಷಿನ್ ಲರ್ನಿಂಗ್ ಕೈಗೆತ್ತಿಕೊಳ್ಳುವ ಮುನ್ನ

ಗಿಲ್ಬರ್ಟ್ ವಾಕರ್ ಕೇಂಬ್ರಿಡ್ಜ್‌ನಲ್ಲಿ 1889ರ ಗಣಿತ ಪರೀಕ್ಷೆಗೆ ಮೊದಲಿಗ. ಹವಾಮಾನದ ಗಂಧವಿಲ್ಲದೆ 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿ ಬಂದ. 1899ರ ಭೀಕರ ಬರದ ಮುನ್ಸೂಚನೆ ತಪ್ಪಿದ ನೆನಪು ಇಲಾಖೆಯಲ್ಲಿ ಇನ್ನೂ ಹಸಿಯಾಗಿತ್ತು. ವಾತಾವರಣದ ಸಮೀಕರಣ ಬಿಡಿಸಲು ಆಗದು ಎಂದು ಕಂಡ ವಾಕರ್, ಗುಮಾಸ್ತರ ಪಡೆ ಕಟ್ಟಿಕೊಂಡು ಲೋಕದ ಮೂಲೆಮೂಲೆಯ ಒತ್ತಡ, ಮಳೆ, ಉಷ್ಣಾಂಶಗಳ ನಡುವೆ ಸಹಸಂಬಂಧ ಎಣಿಸಿದ. ಪೆಸಿಫಿಕ್ ಸಾಗರದ ಎರಡು ಬದಿಯ ಒತ್ತಡ ತಕ್ಕಡಿಯಂತೆ ತೂಗುವುದನ್ನು ಹಿಡಿದದ್ದು ಹಾಗೆ. ಇವತ್ತಿನ ಎಲ್ ನಿನೋ ಮಾತಿನ ಅರ್ಧ ಅಲ್ಲಿಂದ ಬಂತು. ಕಾಲಶ್ರೇಣಿ ಓದುವವರು ಬಾಯಿಪಾಠ ಮಾಡುವ ಯೂಲ್-ವಾಕರ್ ಸಮೀಕರಣದ ವಾಕರ್ ಇವನೇ.

ನನಗೆ ಅವನಲ್ಲಿ ಇಷ್ಟವಾಗುವುದು ಇನ್ನೊಂದು. ನೂರಾರು ಜೋಡಿಗಳನ್ನು ಎಣಿಸಿದರೆ ಕೆಲವು ಬರೀ ಆಕಸ್ಮಿಕವಾಗಿ ಹೊಂದಿಕೊಳ್ಳುತ್ತವೆ ಎಂದು 1914ರಲ್ಲೇ ಬರೆದು, ಎಷ್ಟು ದೊಡ್ಡದಿದ್ದರೆ ನಂಬಬೇಕು ಎಂಬ ಅಳತೆಗೋಲನ್ನೂ ಕೊಟ್ಟ. ಶೇ 5ರ ಮಟ್ಟದಲ್ಲಿ 20 ಸ್ವತಂತ್ರ ಪರೀಕ್ಷೆ ಮಾಡಿ ನೋಡಿ. ಏನೂ ಇಲ್ಲದಿದ್ದರೂ ಒಂದಾದರೂ "ಗೆಲ್ಲುವ" ಸಂಭವ ಶೇ 64. ಇವತ್ತು ನಾವು 20 ಅಲ್ಲ, 20,000 ಫೀಚರ್ (ಮಾದರಿಗೆ ಉಣಿಸುವ ಅಳತೆಗಳು) ಹಾಕಿ ಮಾದರಿ ಕಟ್ಟುತ್ತೇವೆ.

ಹೊಸಬರ ವರದಿಗಳಲ್ಲಿ ನಾನು ಮೊದಲು ಹುಡುಕುವ ತಪ್ಪು ಬೇರೆ. ಹತ್ತು ವರ್ಷದ ದಿನವಹಿ ಅಂತರ್ಜಲ ಮಟ್ಟವನ್ನು ಇಸ್ಪೀಟಿನಂತೆ ಕಲೆಸಿ, ಶೇ 80 ಕಲಿಕೆಗೆ, ಶೇ 20 ಪರೀಕ್ಷೆಗೆ ಎಂದು ಹಂಚುತ್ತಾರೆ. ನಿಖರತೆ ಶೇ 98! ನೀರಿನ ಮಟ್ಟ ಇವತ್ತಿನಿಂದ ನಾಳೆಗೆ ಎಷ್ಟು ಬದಲಾದೀತು? ಪರೀಕ್ಷೆಗೆ ಬಂದ ಬುಧವಾರದ ಆಚೀಚೆಯ ಮಂಗಳವಾರ, ಗುರುವಾರಗಳನ್ನು ಮಾದರಿ ಆಗಲೇ ನೋಡಿಯಾಗಿದೆ. ಪ್ರಶ್ನೆಪತ್ರಿಕೆ ಲೀಕ್ ಆದ ಪರೀಕ್ಷೆಯ ರ‍್ಯಾಂಕ್ ಅದು. ಕಾಲಕ್ಕೆ ಸಂಬಂಧಿಸಿದ್ದಾದರೆ ಕೊನೆಯ ಕೆಲವು ವರ್ಷಗಳನ್ನೇ ಬೇರೆ ಎತ್ತಿಡಿ. ಜಾಗಕ್ಕೆ ಸಂಬಂಧಿಸಿದ್ದಾದರೆ ಒಂದಿಡೀ ಜಿಲ್ಲೆಯನ್ನು ಮಾದರಿಯ ಕಣ್ಣಿಗೆ ಬೀಳದಂತೆ ಬಚ್ಚಿಡಿ. ಮತ್ತು ಯಾವಾಗಲೂ ಎರಡು ಬಡಪಾಯಿ ಮಾದರಿಗಳ ಜೊತೆ ಹೋಲಿಸಿ: "ನಿನ್ನೆಯಂತೆಯೇ ಇವತ್ತೂ" ಎನ್ನುವುದು ಒಂದು, "ಈ ದಿನಾಂಕದ ಹಳೆಯ ಸರಾಸರಿ" ಎನ್ನುವುದು ಇನ್ನೊಂದು. ಅವೆರಡನ್ನೂ ಸೋಲಿಸದ ಮಾದರಿಯನ್ನು ಪ್ರಕಟಿಸುವ ಆತುರ ಬೇಡ.

ಪರೀಕ್ಷೆಗಳು, ಚುಟುಕಾಗಿ

ಎಂಎಸ್ಸಿಗೆ ಜಾಮ್ ಎಂಬ ಪ್ರವೇಶ ಪರೀಕ್ಷೆ ಇದೆ. ಗಣಿತದ ಪತ್ರಿಕೆ ಬೇರೆ, ಗಣಿತೀಯ ಸಂಖ್ಯಾಶಾಸ್ತ್ರದ್ದು ಬೇರೆ. ಪಿಎಚ್‌ಡಿಗೆ ಗೇಟ್ ಅಥವಾ ಸಿಎಸ್‌ಐಆರ್ ನೆಟ್. ಗೇಟ್‌ನಲ್ಲಿ ಗಣಿತ, ಸಂಖ್ಯಾಶಾಸ್ತ್ರದ ಜೊತೆಗೆ 2021ರಿಂದ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್, 2024ರಿಂದ ಡೇಟಾ ಸೈನ್ಸ್ ಮತ್ತು ಎಐ ಪತ್ರಿಕೆಗಳಿವೆ. ಅಂಕಪಟ್ಟಿ ಮೂರು ವರ್ಷ ನಡೆಯುತ್ತದೆ. ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕರೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000, ಮನೆ ಬಾಡಿಗೆ ಭತ್ಯೆ ಬೇರೆ. ಮನೆಯಲ್ಲಿ "ಇನ್ನೂ ಓದ್ತಾನೇ ಇದ್ದಾನೆ" ಎನ್ನುವವರಿಗೆ ಈ ಅಂಕಿ ತೋರಿಸಿ.

ಬೆಂಗಳೂರಿನಲ್ಲೇ ಇರುವ ಜಾಗಗಳ ಹೆಸರು ಹೇಳಿಬಿಡುತ್ತೇನೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಾತಾವರಣ ಮತ್ತು ಸಾಗರ ವಿಜ್ಞಾನ ಕೇಂದ್ರ, ದಿವೇಚ ಹವಾಮಾನ ಬದಲಾವಣೆ ಕೇಂದ್ರ, ಜಲ ಸಂಶೋಧನೆಯ ಅಂತರಶಿಸ್ತೀಯ ಕೇಂದ್ರ, ಪರಿಸರ ವಿಜ್ಞಾನ ಕೇಂದ್ರ. ಯಲಹಂಕದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಅನ್ವಯಿಕ ಗಣಿತ ಕೇಂದ್ರ, ಹೆಸರಘಟ್ಟದ ಕಡೆ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರ ಐಸಿಟಿಎಸ್. ಮೈಸೂರು ರಸ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಕೇಂದ್ರ. ಆ ಸಂಸ್ಥೆ ಕಟ್ಟಿದ ಮಹಾಲನೋಬಿಸ್ ಕೂಡ 1920ರ ದಶಕದಲ್ಲಿ ಒಡಿಶಾ, ಉತ್ತರ ಬಂಗಾಳದ ನೆರೆಗಳ ಲೆಕ್ಕ ಹಾಕಿದವರೇ. ನೀತಿ ಮತ್ತು ನೆಲದ ಕೆಲಸ ಹತ್ತಿರದಿಂದ ನೋಡಬೇಕೆಂದರೆ 1996ರಲ್ಲಿ ಶುರುವಾದ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ.

ಗೈಡ್ ಮತ್ತು ವಿಭಾಗ

ಇಲ್ಲಿ ನಿಧಾನಿಸಿ. ಒಂದೇ ಪ್ರಶ್ನೆಯನ್ನು ಗಣಿತ ವಿಭಾಗದಲ್ಲಿ ಕೂತು ಮಾಡಬಹುದು, ಜಲ ಅಥವಾ ವಾತಾವರಣ ವಿಭಾಗದಲ್ಲೂ ಮಾಡಬಹುದು. ಪಿಎಚ್‌ಡಿ ಮಾಡುವಾಗ ಅಂಥ ವ್ಯತ್ಯಾಸ ಕಾಣದು. ಕೆಲಸಕ್ಕೆ ಅರ್ಜಿ ಹಾಕುವ ದಿನ ಕಾಣುತ್ತದೆ. ನಮ್ಮ ವಿಶ್ವವಿದ್ಯಾಲಯಗಳ ಜಾಹೀರಾತಿನಲ್ಲಿ "ಸಂಬಂಧಿತ ವಿಷಯದಲ್ಲಿ ಸ್ನಾತಕೋತ್ತರ ಪದವಿ" ಎಂಬ ಸಾಲಿರುತ್ತದೆ, ಅದನ್ನು ಓದುವ ಗುಮಾಸ್ತರಿಗೆ ನಿಮ್ಮ ಪ್ರಬಂಧದ ಸೊಗಸು ಬೇಕಿಲ್ಲ. ನನ್ನ ಜೊತೆಗಾರನೊಬ್ಬ ಒಳ್ಳೆಯ ಕೆಲಸ ಮಾಡಿಯೂ, ಒಂದು ಕಡೆ "ಇವರು ಗಣಿತದವರಲ್ಲ" ಎಂದೂ ಇನ್ನೊಂದು ಕಡೆ "ಇವರು ಪರಿಸರದವರಲ್ಲ" ಎಂದೂ ಮೂರು ವರ್ಷ ಅಲೆದ. ಆದ್ದರಿಂದ ಎಂಎಸ್ಸಿಯನ್ನು ಗಣಿತ ಅಥವಾ ಸಂಖ್ಯಾಶಾಸ್ತ್ರ ಎಂಬ ನೇರ ಹೆಸರಿನಲ್ಲೇ ಮಾಡಿ. ಅಲೆದಾಟ ಪಿಎಚ್‌ಡಿಯಲ್ಲಿರಲಿ, ಅಲ್ಲಿ ಎರಡು ವಿಭಾಗದ ಇಬ್ಬರು ಗೈಡ್‌ಗಳಿದ್ದರೆ ಇನ್ನೂ ಒಳ್ಳೆಯದು.

ಗೈಡ್‌ಗೆ ಬರೆಯುವ ಮೇಲ್ ಹತ್ತು ಸಾಲು ಮೀರಬಾರದು. ಅವರ ಯಾವ ಪ್ರಬಂಧ ಓದಿದಿರಿ, ಅದರಲ್ಲಿ ನಿಮಗೆ ಒಪ್ಪಿಗೆಯಾಗದ ಅಥವಾ ಅರ್ಥವಾಗದ ಒಂದು ಜಾಗ ಯಾವುದು, ನಿಮ್ಮ ಆ ನಾಲ್ಕು ಪುಟದ ವರದಿ ಎಲ್ಲಿದೆ. ಸಾಕು. "ಎಸ್ಟೀಮ್ಡ್ ಇನ್‌ಸ್ಟಿಟ್ಯೂಷನ್" ಬೇಡ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ. ನಮಗೂ ಮೇಲ್‌ಗಳು ಮುಳುಗಿಹೋಗುತ್ತವೆ. ಸೇರುವ ಮೊದಲು ಅವರ ಈಗಿನ ವಿದ್ಯಾರ್ಥಿಗಳ ಜೊತೆ ಕ್ಯಾಂಟೀನಿನಲ್ಲಿ ಒಂದು ಕಾಫಿ ಕುಡಿಯಿರಿ. ಹಿಂದಿನವರು ಎಷ್ಟು ವರ್ಷಕ್ಕೆ ಮುಗಿಸಿದರು ಎಂದು ಕೇಳಿ, ಕೇಳಿದಾಗ ಅವರ ಮುಖ ನೋಡಿ.

ಐದು ವರ್ಷಗಳು ಮತ್ತು ಆಮೇಲೆ

ಎರಡು ಭಾಷೆ ಮಾತಾಡುವ ಕಷ್ಟ ಪಿಎಚ್‌ಡಿ ಉದ್ದಕ್ಕೂ ಇರುತ್ತದೆ. ಗಣಿತದವರಿಗೆ ನಿಮ್ಮ ಪ್ರಮೇಯ ಚಿಕ್ಕದು, ಜಲತಜ್ಞರಿಗೆ ನಿಮ್ಮ ನದಿ ಸುಳ್ಳು. ಇಬ್ಬರೂ ಸ್ವಲ್ಪ ಸರಿ. ಆದರೆ ಹಳೆಯ ನಿದರ್ಶನಗಳು ಧೈರ್ಯ ಕೊಡುತ್ತವೆ. ನೈಲ್ ನದಿಯ ಜಲಾಶಯದ ಗಾತ್ರ ಲೆಕ್ಕ ಹಾಕಲು ಹೋದ ಹರ್ಸ್ಟ್ 1951ರಲ್ಲಿ ಪ್ರಕಟಿಸಿದ್ದು ದೀರ್ಘ ಸ್ಮೃತಿಯ (ಹಳೆಯದರ ಪ್ರಭಾವ ಬಹಳ ಕಾಲ ಉಳಿಯುವ) ಪ್ರಕ್ರಿಯೆಗಳೆಂಬ ಗಣಿತದ ಶಾಖೆಗೇ ಬೀಜವಾಯಿತು. ಹವಾಮಾನದ ಸರಳ ಮಾದರಿ ಹಿಡಿದು ಕೂತ ಲೊರೆನ್ಜ್ 1963ರಲ್ಲಿ ಕೇಯಾಸ್ ಕಂಡ, ಅಂದರೆ ಆರಂಭದ ಅತಿ ಸಣ್ಣ ವ್ಯತ್ಯಾಸವೂ ಮುಂದೆ ದೊಡ್ಡದಾಗಿ ಬೆಳೆಯುವುದನ್ನು. 2021ರ ಭೌತಶಾಸ್ತ್ರದ ನೊಬೆಲ್‌ನ ಅರ್ಧ ಪಾಲು ಹವಾಮಾನ ಮಾದರಿ ಕಟ್ಟಿದ ಮನಾಬೆ, ಹಾಸೆಲ್‌ಮನ್ ಇಬ್ಬರಿಗೆ ಹೋಯಿತು. ನದಿ, ಗಾಳಿಗಳಿಂದ ಗಣಿತಕ್ಕೂ ಲಾಭವಾಗಿದೆ ಎಂದು ಹೇಳಲು ಇಷ್ಟು ಸಾಕು.

ಪಿಎಚ್‌ಡಿ ನಡುವೆ ಹೊರಗೆ ಒಂದು ಬೇಸಿಗೆ ಕಳೆಯಿರಿ. ವಿಯೆನ್ನಾ ಬಳಿಯ ಲಕ್ಸೆನ್‌ಬರ್ಗ್‌ನಲ್ಲಿರುವ ವ್ಯವಸ್ಥೆಗಳ ವಿಶ್ಲೇಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಐಎಎಸ್‌ಎ ಪಿಎಚ್‌ಡಿ ವಿದ್ಯಾರ್ಥಿಗಳಿಗೆಂದೇ ಮೂರು ತಿಂಗಳ ಬೇಸಿಗೆ ಕಾರ್ಯಕ್ರಮ ನಡೆಸುತ್ತದೆ. ಇಟಲಿಯ ಟ್ರಿಯೆಸ್ಟೆಯಲ್ಲಿ ಭೌತವಿಜ್ಞಾನಿ ಅಬ್ದುಸ್ ಸಲಾಂ 1964ರಲ್ಲಿ ಕಟ್ಟಿದ ಸೈದ್ಧಾಂತಿಕ ಭೌತಶಾಸ್ತ್ರ ಕೇಂದ್ರ ಐಸಿಟಿಪಿ ನಮ್ಮಂಥ ದೇಶಗಳವರಿಗೆಂದೇ ಇರುವ ಜಾಗ. ಪೋಸ್ಟ್‌ಡಾಕ್‌ಗೆ ಜರ್ಮನಿಯ ಪಾಟ್ಸ್‌ಡ್ಯಾಮ್ ಹವಾಮಾನ ಸಂಸ್ಥೆಯ ಕಡೆಗೂ ಕಣ್ಣಿಡಿ.

ಕೆಲಸದ ಮಾತು. ರಾಜ್ಯದ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ನೆಟ್ ಅಥವಾ ರಾಜ್ಯದ ಅರ್ಹತಾ ಪರೀಕ್ಷೆ ಕೆಸೆಟ್ ಕೈಯಲ್ಲಿರಲಿ, ಪಿಎಚ್‌ಡಿ ಇದ್ದರೂ. ಎಂಎಸ್ಸಿ ಮುಗಿದ ಬಿಸಿಯಲ್ಲೇ ಬರೆದುಬಿಡಿ. ಮೂವತ್ತು ದಾಟಿದ ಮೇಲೆ ರಿಂಗ್ ಥಿಯರಿ ಮತ್ತೆ ಓದುವುದು ಶಿಕ್ಷೆ. ಐಐಟಿ, ಎನ್‌ಐಟಿಗಳು ಪ್ರಬಂಧ, ಪಾಠ, ಮುಂದಿನ ಐದು ವರ್ಷದ ಯೋಜನೆ ನೋಡುತ್ತವೆ. ಸಂಶೋಧನಾ ಅನುದಾನಕ್ಕೆ ಹಿಂದೆ ಕೇಂದ್ರ ಸರ್ಕಾರದ ಎಸ್‌ಇಆರ್‌ಬಿ ಮಂಡಳಿ ಇತ್ತು, ಈಗ ಆ ಜಾಗದಲ್ಲಿ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ. ಡಿಗ್ರಿ ಕಾಲೇಜಿನಲ್ಲಿ ಕೆಲಸ ಸಿಕ್ಕರೆ ಸಂಶೋಧನೆ ಮುಗಿಯಿತು ಎಂದುಕೊಳ್ಳಬೇಡಿ. ಮೇಲೆ ಹೇಳಿದ ಮಳೆ ಫೈಲಿಗೆ ಬೇಕಿರುವುದು 25 ಎಂಬಿ ಮಾತ್ರ, ಮತ್ತು ನಿಮ್ಮ ತರಗತಿಯಲ್ಲಿ ಅರವತ್ತು ಊರಿನ ಮಕ್ಕಳಿರುತ್ತಾರೆ.

ಫಲಿತಾಂಶವನ್ನು ಊರಿಗೆ ಒಯ್ಯುವುದು

ಪ್ರಬಂಧ ಪ್ರಕಟವಾದ ಮೇಲೆ ಅದನ್ನು ಕನ್ನಡದಲ್ಲಿ ಎರಡು ಪುಟ ಮಾಡಿ ಆ ಊರಿಗೆ ಒಯ್ದು ಓದಿ. ಸೊನ್ನೆಯಿಂದ ಒಂದರ ನಡುವಿನ ಸಂಖ್ಯೆ ಹೇಳಬೇಡಿ. "ಹತ್ತು ವರ್ಷದಲ್ಲಿ ಏಳು ವರ್ಷ" ಎನ್ನಿ. ನಾನು ಮೊದಲ ಸಲ ಹೀಗೆ ಹೋದದ್ದು ಒಂದು ಹಾಲಿನ ಡೇರಿಯ ಜಗುಲಿಗೆ. ಚೌಕಗಳ ನಕ್ಷೆ ಗೋಡೆಗೆ ಅಂಟಿಸಿ, ಒಂದೊಂದರ ಬದಿ ಸುಮಾರು 27 ಕಿಲೋಮೀಟರ್ ಎಂದು ವಿವರಿಸುತ್ತಿದ್ದೆ. ಹಾಲಿನ ಕ್ಯಾನ್ ಮೇಲೆ ಕೂತಿದ್ದ ಹಿರಿಯರೊಬ್ಬರು ಕೈಯೆತ್ತಿದರು.

"ಸ್ವಾಮಿ, ನಿಮ್ ಚೌಕದಾಗೆ ನಮ್ಮೂರು ಎಲ್ಲೈತೆ?"

ತೋರಿಸಿದೆ.

"ಕೆರೆ ಆಚೆ ಇರೋ ಊರೂ ಇದ್ರಾಗೇ ಐತಾ?"

ಹೌದೆಂದೆ.

"ಹೋದ ವಾರ ಅಲ್ಲಿ ಹದವಾಗಿ ಬಿತ್ತು, ನಮಗೆ ಒಂದ್ ಹನೀನೂ ಇಲ್ಲ. ನಿಮ್ ಲೆಕ್ಕದಾಗೆ ಇಬ್ರಿಗೂ ಬಂದೈತೆ ಅಂತ ಐತಲ್ಲ. ವಿಮೆ ಕೊಡೋರು ಇದ್ನೇ ನೋಡ್ತಾರೇನು?"

ಚೌಕದೊಳಗಿನ ಮಳೆ ಊರೂರಿಗೆ ಹೇಗೆ ಹಂಚಿಹೋಗುತ್ತದೆ ಎಂಬುದರ ಮೇಲೆ ನನ್ನ ವಿದ್ಯಾರ್ಥಿನಿಯೊಬ್ಬಳು ಈಗ ಮೂರನೇ ವರ್ಷದ ಪಿಎಚ್‌ಡಿಯಲ್ಲಿದ್ದಾಳೆ. ಅವರ ಪ್ರಶ್ನೆಯನ್ನು ಅವರ ಮಾತಿನಲ್ಲೇ ಬರೆದು ಮೇಜಿನ ಮುಂದಿನ ಗೋಡೆಗೆ ಅಂಟಿಸಿಕೊಂಡಿದ್ದಾಳೆ. ಉತ್ತರ ಇನ್ನೂ ಸಿಕ್ಕಿಲ್ಲ.